ಹಿಮದಲ್ಲಿ ವಿಮಾನ: ಕ್ಯಾಮೆರಾ ತಣ್ಣಗಿರಲಿ, ಬ್ಯಾಟರಿ ಬೆಚ್ಚಗಿರಲಿ

ಪ್ರಶ್ನೆ: ಕಳೆದ ಜನವರಿಯಲ್ಲಿ ಮಗಳ ಮನೆಗೆಂದು ಕೆನಡಾದ ಮಿಸ್ಸಿಸಾಗಾಕ್ಕೆ ಹೋಗಿದ್ದೆ. ಟೊರಾಂಟೊದ ದೊಡ್ಡ ವಿಮಾನ ನಿಲ್ದಾಣ ಅವರ ಮನೆಗೆ ಹತ್ತಿರ. ವಿಮಾನದ ಫೋಟೊ ತೆಗೆಯುವುದು ನನಗೆ ಹಳೆಯ ಹುಚ್ಚು. ಒಂದು ಬೆಳಿಗ್ಗೆ ಅಳಿಯಂದಿರು ಕಾರಿನಲ್ಲಿ ಕರೆದುಕೊಂಡು ಹೋದರು. ಹೊರಗೆ ಮೈನಸ್ 15 ಡಿಗ್ರಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೂ ಅರ್ಧ ಗಂಟೆಯಲ್ಲಿ ಕ್ಯಾಮೆರಾ ಆಫ್ ಆಯಿತು. ತೆಗೆದ ಫೋಟೊಗಳಲ್ಲಿ ಹಿಮವೆಲ್ಲ ಬೂದಿ ಬಣ್ಣ, ವಿಮಾನ ಕಪ್ಪು. ಮೊದಲು ತೆಗೆದವಂತೂ ನೀರೊಳಗಿಂದ ನೋಡಿದಂತೆ ಕಲಸಿಹೋಗಿವೆ. ಮನೆಗೆ ಬಂದು ಬ್ಯಾಗ್ ತೆರೆದರೆ ಸ್ವಲ್ಪ ಹೊತ್ತಿನಲ್ಲೇ ಲೆನ್ಸ್ ಮೇಲೆಲ್ಲ ನೀರು. ಕ್ಯಾಮೆರಾ ಹಾಳಾಯಿತೇ? ಈ ಡಿಸೆಂಬರಿನಲ್ಲಿ ಮತ್ತೆ ಹೋಗುತ್ತಿದ್ದೇನೆ. ಏನು ಮಾಡಬೇಕು ತಿಳಿಸಿ.
— ನಿವೃತ್ತ ಶಿಕ್ಷಕರೊಬ್ಬರು, ಸಾಗರ

ಉತ್ತರ: ಮೇಷ್ಟ್ರೇ, ನಿಮ್ಮ ಕ್ಯಾಮೆರಾ ಹಾಳಾಗಿಲ್ಲ. ನೀವು ಬರೆದಿರುವ ನಾಲ್ಕೂ ತೊಂದರೆಗಳು ಚಳಿನಾಡಿನಲ್ಲಿ ಮೊದಲ ಸಲ ಕ್ಯಾಮೆರಾ ಹಿಡಿದವರಿಗೆಲ್ಲ ಆಗುವಂಥವು. ನನಗೂ ಆಗಿವೆ. ಎಲ್ಲದಕ್ಕೂ ಚಳಿಯೇ ಕಾರಣ ಎಂದು ನೀವು ಅಂದುಕೊಂಡಂತಿದೆ. ಹಾಗಲ್ಲ. ಚಳಿ ನೇರವಾಗಿ ಕೆಡಿಸಿದ್ದು ಬ್ಯಾಟರಿಯನ್ನು ಮಾತ್ರ. ಬೂದಿ ಬಣ್ಣಕ್ಕೆ ಹಿಮದ ಬಿಳುಪು ಕಾರಣ. ಫೋಟೊ ಕಲಸಿಹೋದದ್ದಕ್ಕೂ ಲೆನ್ಸ್ ಬೆವರಿದ್ದಕ್ಕೂ ಕಾರಣ ಬಿಸಿ: ಕಾರಿನ ಹೀಟರಿನ ಬಿಸಿ, ಮನೆಯೊಳಗಿನ ಬಿಸಿ. ಕ್ಯಾಮೆರಾ ಬೆಚ್ಚಗಿನ ಜಾಗದಿಂದ ತಣ್ಣನೆಯ ಜಾಗಕ್ಕೆ, ಅಲ್ಲಿಂದ ಮತ್ತೆ ಬೆಚ್ಚಗಿನ ಜಾಗಕ್ಕೆ ಅವಸರದಲ್ಲಿ ಓಡಾಡಿದ್ದೇ ಅದಕ್ಕೆ ಮುಳುವಾಯಿತು. ಚಳಿನಾಡಿನ ಫೋಟೊಗ್ರಾಫರು ಪಾಲಿಸುವ ನಿಯಮ ಇದು: ಕ್ಯಾಮೆರಾ ತಣ್ಣಗಿರಲಿ, ಬ್ಯಾಟರಿಯೂ ಮೈಯೂ ಬೆಚ್ಚಗಿರಲಿ.

ಮೊದಲು ಬ್ಯಾಟರಿ. ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಕರೆಂಟ್ ಹುಟ್ಟುವುದು ರಾಸಾಯನಿಕ ಕ್ರಿಯೆಯಿಂದ. ಚಳಿಯಲ್ಲಿ ಆ ಕ್ರಿಯೆ ಮಂದವಾಗುತ್ತದೆ, ಬ್ಯಾಟರಿಯ ಒಳಗಿನ ಪ್ರತಿರೋಧ ಹೆಚ್ಚುತ್ತದೆ. ಫೋಕಸ್ ಮೋಟರು, ಶಟರು, ಪರದೆ ಎಲ್ಲವೂ ಒಟ್ಟಿಗೆ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಬ್ಯಾಟರಿ ಮುಗಿಯಿತೆಂದು ತಿಳಿದು ಕ್ಯಾಮೆರಾ ಆಫ್ ಆಗುತ್ತದೆ. ನಿಜವಾಗಿ ಚಾರ್ಜ್ ಬಹುಪಾಲು ಒಳಗೇ ಉಳಿದಿರುತ್ತದೆ. ಬಹಳಷ್ಟು ಕ್ಯಾಮೆರಾಗಳ ಕೈಪಿಡಿಯಲ್ಲಿ ಬಳಕೆಯ ಉಷ್ಣಾಂಶ 0ಯಿಂದ 40 ಡಿಗ್ರಿ ಎಂದಿರುತ್ತದೆ. ಮೈನಸ್ 15ರಲ್ಲಿ ಅದು ಕೆಲಸ ಮಾಡುವುದಿಲ್ಲ ಎಂದು ಇದರ ಅರ್ಥವಲ್ಲ. ನಿಮ್ಮ ಕಡೆಯಿಂದ ಸ್ವಲ್ಪ ಉಪಚಾರ ಬೇಕು, ಅಷ್ಟೇ.

ಆ ಉಪಚಾರವನ್ನು ನಾನು ಕಲಿತದ್ದು ಟೊರಾಂಟೊದಲ್ಲೇ. ಒಂದು ಫೆಬ್ರವರಿ ಬೆಳಿಗ್ಗೆ ಏರ್‌ಪೋರ್ಟ್ ರೋಡ್ ಪಕ್ಕ ನಿಂತಿದ್ದೆ. ನನ್ನ ಕ್ಯಾಮೆರಾ ಮೂರನೆಯ ವಿಮಾನಕ್ಕೇ ಕೈಕೊಟ್ಟಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನೋಡಿದರು. ಏನೂ ಹೇಳದೆ ತಮ್ಮ ದಪ್ಪ ಜಾಕೆಟ್ಟಿನ ಜಿಪ್ ಎಳೆದರು, ಒಳಗಿನ ಸ್ವೆಟರಿನ ಗುಂಡಿ ಬಿಚ್ಚಿದರು, ಅದರೊಳಗಿನ ಅಂಗಿಯ ಜೇಬಿನಿಂದ ಉಣ್ಣೆಯ ಕಾಲುಚೀಲವೊಂದನ್ನು ಹೊರತೆಗೆದರು. ಅದರೊಳಗೆ ಬ್ಯಾಟರಿ ಇತ್ತು. ಮುಟ್ಟಿ ನೋಡೆಂದು ನನ್ನ ಅಂಗೈ ಮೇಲಿಟ್ಟರು. ಆಗಷ್ಟೇ ಇಟ್ಟ ಮೊಟ್ಟೆಯಂತೆ ಬೆಚ್ಚಗಿತ್ತು. ತಮ್ಮ ಕ್ಯಾಮೆರಾದ ತಣ್ಣಗಾದ ಬ್ಯಾಟರಿ ತೆಗೆದು ಕಾಲುಚೀಲಕ್ಕೆ ಹಾಕಿ ಎದೆಯ ಬಳಿ ಇಟ್ಟುಕೊಂಡರು, ಬೆಚ್ಚಗಿನದನ್ನು ಕ್ಯಾಮೆರಾಗೆ ಹಾಕಿದರು. ಅರ್ಧ ಗಂಟೆ ಬಿಟ್ಟು ಮತ್ತೆ ಅದಲುಬದಲು. ಎರಡೇ ಬ್ಯಾಟರಿಯಲ್ಲಿ ಅವರು ಮಧ್ಯಾಹ್ನದವರೆಗೆ ನಿಂತರು. ನೀವೂ ಹೀಗೇ ಮಾಡಿ. ಜತೆಗೆ ಒಂದು ಎಚ್ಚರಿಕೆ: ಹೊರಗಿನಿಂದ ತಂದ ಹಿಮದಂಥ ಬ್ಯಾಟರಿಯನ್ನು ನೇರವಾಗಿ ಚಾರ್ಜರಿಗೆ ಹಾಕಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹದ ಪದರ ಕಟ್ಟಿ ಬ್ಯಾಟರಿಗೆ ಶಾಶ್ವತವಾಗಿ ಪೆಟ್ಟಾಗುತ್ತದೆ. ಅದು ಕೋಣೆಯ ಬಿಸಿಗೆ ಬಂದ ಮೇಲೆ ಚಾರ್ಜ್ ಮಾಡಿ.

ಈಗ ಕಲಸಿಹೋದ ಫೋಟೊ. ಬೇಸಿಗೆಯ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ಕಾಣುವ ಬಿಸಿಲ್ಗುದುರೆ ನಿಮಗೆ ಗೊತ್ತು. ಬಿಸಿ ಗಾಳಿಯೂ ತಣ್ಣನೆಯ ಗಾಳಿಯೂ ಬೆರೆಯುವಲ್ಲಿ ಬೆಳಕು ಬಾಗುತ್ತದೆ, ಆಚೆಗಿನ ವಸ್ತು ನಡುಗಿದಂತೆ ಕಾಣುತ್ತದೆ. ಚಳಿಗಾಲದಲ್ಲಿ ಆ ಬಿಸಿಲ್ಗುದುರೆ ರಸ್ತೆಯ ಮೇಲಿರಲಿಲ್ಲ, ನಿಮ್ಮ ಲೆನ್ಸಿನ ಬಾಯಲ್ಲೇ ಇತ್ತು. ಹೀಟರ್ ಹಾಕಿದ ಕಾರಿನಿಂದ ಕ್ಯಾಮೆರಾ ಹೊರತೆಗೆದ ಕೂಡಲೇ ಲೆನ್ಸಿನ ಗಾಜು, ಕೊಳವೆ ಎಲ್ಲ ಬೆಚ್ಚಗಿರುತ್ತವೆ. ಮುಂದಿನ ಹುಡ್ ಒಳಗೆ ಬಿಸಿ ಗಾಳಿ ಸುಳಿದಾಡುತ್ತಿರುತ್ತದೆ. ಕಾರಿನ ಕಿಟಕಿ ಇಳಿಸಿ ಒಳಗಿನಿಂದಲೇ ಕ್ಲಿಕ್ಕಿಸಿದರೆ ಇನ್ನೂ ಕಷ್ಟ. ಕಾರಿನ ಬಿಸಿ ಗಾಳಿಯೆಲ್ಲ ಲೆನ್ಸಿನ ಮುಂದೆಯೇ ಹೊರಗೆ ನುಗ್ಗುತ್ತದೆ. ಶಟರ್ ಎಷ್ಟೇ ವೇಗವಾಗಿರಲಿ, ಫೋಕಸ್ ಎಷ್ಟೇ ಸರಿಯಿರಲಿ, ಗಾಳಿಯೇ ನಡುಗುತ್ತಿದ್ದರೆ ಚಿತ್ರ ಚೂಪಾಗುವುದಿಲ್ಲ. ಕ್ಯಾಮೆರಾ ಬ್ಯಾಗನ್ನು ಡಿಕ್ಕಿಯಲ್ಲಿಟ್ಟು ಒಯ್ಯಿರಿ. ತಲುಪಿದ ಮೇಲೆ ಹುಡ್ ತೆಗೆದು ಕ್ಯಾಮೆರಾವನ್ನು ಇಪ್ಪತ್ತು ನಿಮಿಷ ಹೊರಗಿನ ಗಾಳಿಗೆ ಒಗ್ಗಿಸಿ. ಕಾರಿನಿಂದ ಇಳಿದೇ ಫೋಟೊ ತೆಗೆಯಿರಿ. ರನ್‌ವೇ ಆಚೆಬದಿಯ ವಿಮಾನಕ್ಕಿಂತ ಹತ್ತಿರದಲ್ಲಿ ತಲೆಯ ಮೇಲೆ ಹಾಯುವುದನ್ನು ಆರಿಸಿಕೊಳ್ಳಿ. ಬಿಸಿಲು ಬಿದ್ದ ಟಾರಿನ ಮೇಲೂ ಎಂಜಿನ್ನಿನ ಹೊಗೆಯ ಹಿಂದೆಯೂ ಚಳಿಗಾಲದಲ್ಲೂ ಗಾಳಿ ನಡುಗುತ್ತದೆ.

ಲೆನ್ಸ್ ಬೆವರಿದ್ದು ಫ್ರಿಜ್ಜಿನಿಂದ ತೆಗೆದ ಚೊಂಬು ಬೆವರುವ ಹಾಗೆಯೇ. ಮನೆಯೊಳಗಿನ ಗಾಳಿಯಲ್ಲಿ ಅಡುಗೆಯ ಹಬೆ, ಉಸಿರು, ಒಗೆದ ಬಟ್ಟೆಯ ತೇವ ಎಲ್ಲ ಇರುತ್ತದೆ. ತಣ್ಣನೆಯ ಲೋಹಕ್ಕೂ ಗಾಜಿಗೂ ತಗುಲಿದಾಗ ಆ ತೇವ ನೀರಾಗಿ ಕೂರುತ್ತದೆ. ಹೊರಗಷ್ಟೇ ಅಲ್ಲ, ಲೆನ್ಸಿನ ಒಳಗೂ ಕೂತರೆ ಆರುವುದು ತಡ, ಬೂಷ್ಟು ಹಿಡಿಯುವ ಭಯವೂ ಉಂಟು. ಪರಿಹಾರ ಸುಲಭ. ಒಳಗೆ ಬರುವ ಮೊದಲೇ, ಹೊರಗಿನ ಒಣ ಚಳಿಯಲ್ಲಿ ನಿಂತಾಗಲೇ, ಕ್ಯಾಮೆರಾವನ್ನು ದೊಡ್ಡ ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಗಾಳಿ ಹಿಂಡಿ ಮುಚ್ಚಿ. ಮೆಮೊರಿ ಕಾರ್ಡನ್ನೂ ಬ್ಯಾಟರಿಯನ್ನೂ ಅದಕ್ಕೆ ಮೊದಲೇ ತೆಗೆದಿಟ್ಟುಕೊಳ್ಳಿ. ಮನೆಯಲ್ಲಿ ಚೀಲವನ್ನು ಎರಡು–ಮೂರು ಗಂಟೆ ಮುಟ್ಟಬೇಡಿ. ನೀರು ಚೀಲದ ಹೊರಮೈಗೆ ಕಟ್ಟುತ್ತದೆ, ಕ್ಯಾಮೆರಾ ಒಣಗಿಯೇ ಬೆಚ್ಚಗಾಗುತ್ತದೆ. ಫೋಟೊ ನೋಡುವ ಆತುರ ಎಲ್ಲರಿಗೂ ಇರುತ್ತದೆ. ಕಾರ್ಡ್ ಕೈಯಲ್ಲಿದ್ದರೆ ಆ ಆತುರಕ್ಕೂ ದಾರಿಯಾಯಿತು.

ಬೂದಿ ಬಣ್ಣದ ಹಿಮಕ್ಕೆ ಕಾರಣ ಕ್ಯಾಮೆರಾದ ಬೆಳಕಿನ ಮೀಟರು. ಅದು ಯಾವ ದೃಶ್ಯ ಕಂಡರೂ ಸರಾಸರಿಯಲ್ಲಿ ನಡುಬೂದು ಎಂದೇ ಲೆಕ್ಕ ಹಾಕುತ್ತದೆ. ಬಿಳಿಯೇ ತುಂಬಿದ ಹಿಮ, ಬಿಳಿ ಮೋಡ ಎದುರಿದ್ದಾಗ ಬೆಳಕು ಹೆಚ್ಚಾಯಿತೆಂದು ಕತ್ತಲು ಮಾಡುತ್ತದೆ. ಅದರ ಜತೆ ವಿಮಾನವೂ ಕಪ್ಪಾಗುತ್ತದೆ. ಮೋಡದ ದಿನ ಎಕ್ಸ್‌ಪೋಷರನ್ನು ಒಂದರಿಂದ ಒಂದೂವರೆ ಸ್ಟಾಪ್ ಏರಿಸಿಕೊಳ್ಳಿ. ನೀಲಿ ಆಕಾಶ, ಎಳೆಬಿಸಿಲು ಇದ್ದರೆ ಏರಿಸಬೇಕಿಲ್ಲ. ಬಿಳಿ ಬಣ್ಣದ ವಿಮಾನ ಸುಟ್ಟಂತಾಗದ ಹಾಗೆ ಹಿಸ್ಟೋಗ್ರಾಂ ನೋಡಿಕೊಳ್ಳಿ. ಹಿಮ ಬೀಳುತ್ತಿರುವಾಗ ಫೋಕಸ್ ಹತ್ತಿರದ ಹಿಮದ ಎಸಳುಗಳಿಗೆ ಹಿಡಿಯುತ್ತದೆ. ಆಗ ನಡುವಿನ ಒಂದೇ ಫೋಕಸ್ ಬಿಂದುವನ್ನು ಇಟ್ಟುಕೊಂಡು ವಿಮಾನದ ಕಾಕ್‌ಪಿಟ್ ಕಿಟಕಿಗೆ ಗುರಿಯಿಡಿ. ಇಳಿಯುವ ದೊಡ್ಡ ಜೆಟ್ ಗಂಟೆಗೆ ಸುಮಾರು 260 ಕಿ.ಮೀ. ವೇಗದಲ್ಲಿ ಬರುತ್ತದೆ, ಅಂದರೆ ಸೆಕೆಂಡಿಗೆ 72 ಮೀಟರ್. 1/1000 ಸೆಕೆಂಡಿನಲ್ಲೂ ಅದು 7 ಸೆಂ.ಮೀ. ಮುಂದೆ ಸಾಗಿರುತ್ತದೆ. ಆದ್ದರಿಂದ ಶಟರ್ ವೇಗದ ಜತೆಗೆ ನಿಮ್ಮ ಸೊಂಟವೂ ವಿಮಾನದ ಜತೆ ತಿರುಗಬೇಕು. ಪ್ರೊಪೆಲ್ಲರ್ ಇರುವ ಡ್ಯಾಶ್ 8 ಬಂದರೆ ಶಟರನ್ನು 1/250ಕ್ಕೆ ಇಳಿಸಿ. ಇಲ್ಲದಿದ್ದರೆ ರೆಕ್ಕೆಗಳು ತಿರುಗುತ್ತಲೇ ಇಲ್ಲವೇನೋ ಎಂಬಂತೆ ನಿಂತುಬಿಡುತ್ತವೆ, ವಿಮಾನ ಆಟಿಕೆಯ ಹಾಗೆ ಕಾಣುತ್ತದೆ.

ಇಷ್ಟು ತಾಪತ್ರಯ ಯಾಕೆ, ಬೇಸಿಗೆಯಲ್ಲೇ ಹೋಗಬಾರದೇ ಎಂದು ಮನೆಯವರು ಕೇಳಬಹುದು. ಚಳಿಗಾಲ ಕೊಡುವುದನ್ನು ಬೇಸಿಗೆ ಕೊಡುವುದಿಲ್ಲ. ಡಿಸೆಂಬರ್ 21ರ ನಡುಮಧ್ಯಾಹ್ನ ಟೊರಾಂಟೊದಲ್ಲಿ ಸೂರ್ಯ ದಿಗಂತದಿಂದ ಬರೀ 23 ಡಿಗ್ರಿ ಎತ್ತರದಲ್ಲಿರುತ್ತಾನೆ. ಅದೇ ದಿನ ಬೆಂಗಳೂರಿನಲ್ಲಿ ಸುಮಾರು 53 ಡಿಗ್ರಿ. ನಮ್ಮಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಮುಗಿದುಹೋಗುವ ಓರೆ ಬೆಳಕು ಅಲ್ಲಿ ಇಡೀ ದಿನ ಇರುತ್ತದೆ. ಇನ್ನೊಂದು ವಿಶೇಷ ಹಿಮದ್ದು. ಬೇಸಿಗೆಯಲ್ಲಿ ತಲೆಯ ಮೇಲೆ ಹಾಯುವ ವಿಮಾನದ ಹೊಟ್ಟೆ ಯಾವಾಗಲೂ ನೆರಳಿನಲ್ಲಿ ಕಪ್ಪಗಿರುತ್ತದೆ. ನೆಲವೆಲ್ಲ ಹಿಮ ಹಾಸಿದಾಗ ಬೆಳಕು ಕೆಳಗಿನಿಂದಲೂ ಪುಟಿದು ಮೇಲೇರುತ್ತದೆ. ಇಳಿಸಿದ ಚಕ್ರಗಳ ರಬ್ಬರು, ಚಕ್ರದ ಗೂಡಿನೊಳಗಿನ ಕೊಳವೆಗಳು, ಹೊಟ್ಟೆಯ ಮೇಲಿನ ರಿವೆಟ್ ಸಾಲು, ಎಣ್ಣೆ ಹರಿದ ಕಲೆ, ಎಲ್ಲವೂ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಒಮ್ಮೆ ಅದನ್ನು ಕಂಡವರು ಮತ್ತೆ ಹಿಮಕ್ಕೇ ಕಾಯುತ್ತಾರೆ.

ತಣ್ಣನೆಯ ಗಾಳಿ ವಿಮಾನಕ್ಕೂ ಒಳ್ಳೆಯದು. ಒತ್ತಡ ಒಂದೇ ಇದ್ದರೆ ಮೈನಸ್ 15 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಸುಮಾರು ಶೇ 17ರಷ್ಟು ಹೆಚ್ಚು ಸಾಂದ್ರ. ರೆಕ್ಕೆಗೆ ಹೆಚ್ಚು ಆಸರೆ, ಎಂಜಿನ್ನಿಗೆ ಹೆಚ್ಚು ಕಸುವು. ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿರುವ ದೇವನಹಳ್ಳಿಯಲ್ಲಿ ಏಪ್ರಿಲ್ ಮಧ್ಯಾಹ್ನ ತುಂಬಿದ ವಿಮಾನ ಉದ್ದಕ್ಕೆ ಓಡಿ ನಿಧಾನವಾಗಿ ಏರುವುದನ್ನು ನೋಡಿದ್ದೀರಿ. 173 ಮೀಟರ್ ಎತ್ತರದ ಟೊರಾಂಟೊದಲ್ಲಿ ಜನವರಿಯಲ್ಲಿ ಅದೇ ವಿಮಾನ, ಅದೇ ಭಾರ, ಅದೇ ಜೋರಿನಲ್ಲಿ ಬೇಗ ನೆಲ ಬಿಟ್ಟು ಕಡಿದಾಗಿ ಏರುತ್ತದೆ. ಹಾಗಾಗಿ ಹೊರಡುವ ವಿಮಾನಕ್ಕೆ ರನ್‌ವೇ ತುದಿಯಲ್ಲಿ ಕಾದರೆ ಅದು ನಿಮಗೆ ಸಿಗುವಷ್ಟರಲ್ಲಿ ಎತ್ತರದಲ್ಲಿರುತ್ತದೆ. ಚಳಿಗಾಲದಲ್ಲಿ ತುದಿಯನ್ನು ಇಳಿಯುವ ವಿಮಾನಕ್ಕೆ ಮೀಸಲಿಡಿ.

ಎಲ್ಲಿ ನಿಲ್ಲಬೇಕು ಎನ್ನುವುದನ್ನು ಗಾಳಿ ಹೇಳುತ್ತದೆ. ವಿಮಾನಗಳು ಗಾಳಿಗೆ ಎದುರಾಗಿ ಇಳಿಯುತ್ತವೆ. ಟೊರಾಂಟೊದ ಪಿಯರ್ಸನ್ ನಿಲ್ದಾಣದಲ್ಲಿ ಐದು ರನ್‌ವೇಗಳಿವೆ. ರನ್‌ವೇಯ ಸಂಖ್ಯೆ ದಿಕ್ಸೂಚಿಯ ಡಿಗ್ರಿಯನ್ನು ಹತ್ತರಿಂದ ಭಾಗಿಸಿದ್ದು: 23 ಎಂದರೆ ವಿಮಾನ ಸುಮಾರು 230 ಡಿಗ್ರಿಗೆ, ಅಂದರೆ ನೈರುತ್ಯಕ್ಕೆ ಮುಖ ಮಾಡಿರುತ್ತದೆ. ಅಲ್ಲಿ ಪಶ್ಚಿಮದ ಗಾಳಿಯೇ ಹೆಚ್ಚು. ಆಗ ವಿಮಾನಗಳು ಈಶಾನ್ಯದಿಂದ ಬಂದು ಏರ್‌ಪೋರ್ಟ್ ರೋಡನ್ನು ದಾಟಿ 23ಕ್ಕೆ ಇಳಿಯುತ್ತವೆ. ಪೂರ್ವದ ಗಾಳಿ ಬೀಸಿದರೆ ಪಶ್ಚಿಮದ ಕಡೆಯಿಂದ ಬರುತ್ತವೆ. ಆ ಬದಿಯ ಡ್ಯಾನ್‌ವಿಲ್ ಪಾರ್ಕ್ ವಿಮಾನ ನೋಡುವವರಿಗೆ ಮೆಚ್ಚಿನ ಜಾಗ, ಮೊಮ್ಮಕ್ಕಳನ್ನೂ ಕರೆದೊಯ್ಯಬಹುದು. ವಾಯುವ್ಯದ ಗಾಳಿ ಜೋರಾದರೆ 33 ಸಂಖ್ಯೆಯ ರನ್‌ವೇಗಳು. ಮನೆಯಿಂದ ಹೊರಡುವ ಮೊದಲು ಫೋನಿನಲ್ಲಿ ಫ್ಲೈಟ್‌ರೇಡಾರ್24 ತೆರೆದರೆ ಆ ಹೊತ್ತು ಯಾವ ಕಡೆಯಿಂದ ಇಳಿಯುತ್ತಿವೆ ಎಂದು ಗೊತ್ತಾಗುತ್ತದೆ. ಚಳಿಗಾಲದಲ್ಲಿ ಸೂರ್ಯ ದಿನವಿಡೀ ದಕ್ಷಿಣದ ಮಗ್ಗುಲಲ್ಲೇ ಇರುವುದರಿಂದ ವಿಮಾನದ ಹಾದಿಗೆ ದಕ್ಷಿಣಕ್ಕೆ ನಿಲ್ಲಿ. ಬಿಸಿಲು ಬೆನ್ನಿಗೆ, ವಿಮಾನ ಬೆಳಕಿಗೆ. ಹಿಮ ಬಿದ್ದು ನಿಂತ ಮಾರನೆಯ ದಿನ, ತಣ್ಣನೆಯ ಒಣ ಗಾಳಿ ಬೀಸಿ ಆಕಾಶ ತೊಳೆದಿಟ್ಟಂತಾದಾಗ, ತಪ್ಪಿಸಿಕೊಳ್ಳಬೇಡಿ.

ಲೆನ್ಸಿನ ಲೆಕ್ಕವೂ ಕೇಳಿ. ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ರನ್‌ವೇ ಅಂಚಿನಿಂದ ಒಂದು ಕಿ.ಮೀ. ಹಿಂದೆ ಅದು ನಿಮ್ಮ ತಲೆಯಿಂದ ಸುಮಾರು 67 ಮೀಟರ್ ಮೇಲೆ ಇರುತ್ತದೆ. ದುಬೈನಿಂದ ಬರುವ ಎಮಿರೇಟ್ಸ್‌ನ ಎ380ರ ರೆಕ್ಕೆಯ ಅಗಲವೇ ಸುಮಾರು 80 ಮೀಟರ್. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅದನ್ನು ಪೂರ್ತಿ ಹಿಡಿಯಲು 28 ಮಿ.ಮೀ.ನಂಥ ಅಗಲದ ಲೆನ್ಸೇ ಬೇಕು. ದೂರದಿಂದ ಬರುವಾಗ 100–400 ಲೆನ್ಸ್ ಚೆನ್ನ. ಚಳಿಯಲ್ಲಿ ಲೆನ್ಸ್ ಬದಲಾಯಿಸುತ್ತ ನಿಲ್ಲಬೇಡಿ, ಒಳಗೆ ಹಿಮ ಬೀಳುತ್ತದೆ. ತಲೆಯ ಮೇಲಿನದಕ್ಕೆ ನಿಮ್ಮ ಫೋನ್ ಸಾಕು.

ಇನ್ನು ಮೈಯ ವಿಚಾರ, ಎಲ್ಲಕ್ಕಿಂತ ಮುಖ್ಯ. ಮೈನಸ್ 15ರಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 26ರಂತೆ ತಾಗುತ್ತದೆ. ಕೆನಡಾದ ಹವಾಮಾನ ವರದಿಯಲ್ಲಿ ‘ವಿಂಡ್ ಚಿಲ್’ ಎಂದು ಹೇಳುವುದು ಇದನ್ನೇ. ಆ ಸಂಖ್ಯೆ ಮೈನಸ್ 28ಕ್ಕಿಂತ ಕೆಳಗಿಳಿದರೆ ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಈ ಲೆಕ್ಕ ಜೀವವಿರುವ ಮೈಗೆ ಮಾತ್ರ. ಗಾಳಿ ಕ್ಯಾಮೆರಾವನ್ನು ಬೇಗ ತಣ್ಣಗೆ ಮಾಡೀತೇ ಹೊರತು ಮೈನಸ್ 15ಕ್ಕಿಂತ ಕೆಳಗೆ ಇಳಿಸಲಾರದು. ನಿಮ್ಮ ಬೆರಳು, ಮೂಗಿನ ತುದಿ, ಕಿವಿ ಮಾತ್ರ ನಿಜಕ್ಕೂ ಅಪಾಯದಲ್ಲಿರುತ್ತವೆ. ತೆಳ್ಳನೆಯ ಒಳಗೈಗವಸು, ಅದರ ಮೇಲೆ ಬೆರಳು ಮಡಚುವ ದಪ್ಪ ಗವಸು ಹಾಕಿ. ಬರಿಗೈಯಲ್ಲಿ ಟ್ರೈಪಾಡಿನ ಲೋಹ ಮುಟ್ಟಬೇಡಿ. ಕಾಲಡಿಗೆ ರಟ್ಟಿನ ತುಂಡು ಹಾಕಿಕೊಂಡು ನಿಂತರೆ ನೆಲದ ಚಳಿ ಅರ್ಧ ಇಳಿಯುತ್ತದೆ. ಲೆನ್ಸ್ ಮೇಲಿನ ಹಿಮವನ್ನು ಬಾಯಿಂದ ಊದಬೇಡಿ. ಉಸಿರಿನ ತೇವ ಅಲ್ಲೇ ಹೆಪ್ಪುಗಟ್ಟಿ ಗಾಜಿಗೆ ಅಂಟುತ್ತದೆ, ಮೆತ್ತನೆಯ ಕುಂಚದಿಂದ ಒರೆಸಿ. ಬೆರಳು ಬೆಳ್ಳಗಾಗಿ ಜೋಮು ಹಿಡಿದರೆ ಇನ್ನೊಂದು ವಿಮಾನಕ್ಕೆಂದು ಕಾಯದೆ ಒಳಗೆ ಹೋಗಿ. ನಿಲ್ಲಿಸಿದ ಕಾರಿನಲ್ಲಿ ಎಂಜಿನ್ ಓಡಿಸುತ್ತ ಕೂರುವುದಾದರೆ ಹೊಗೆಕೊಳವೆ ಹಿಮದಲ್ಲಿ ಹೂತಿಲ್ಲವೆಂದು ಮೊದಲು ಇಳಿದು ನೋಡಿ. ಅದು ಮುಚ್ಚಿದ್ದರೆ ವಾಸನೆಯಿಲ್ಲದ ವಿಷಾನಿಲ ಕಾರಿನೊಳಗೆ ತುಂಬುತ್ತದೆ. ಪ್ರಾಣ ಹೋಗುವ ವಿಷಯ ಅದು.

ವಾಪಸು ಬರುವ ದಿನ ಕಿಟಕಿ ಸೀಟು ಕೇಳಿ ಪಡೆಯಿರಿ. ಹಿಮದ ದಿನವಾದರೆ ನಿಮ್ಮ ವಿಮಾನ ರನ್‌ವೇಗೆ ಹೋಗುವ ಮೊದಲು ಡೀ-ಐಸಿಂಗ್ ಅಂಗಳದಲ್ಲಿ ನಿಲ್ಲುತ್ತದೆ. ಉದ್ದ ತೋಳಿನ ಗಾಡಿಗಳು ಎರಡೂ ಬದಿ ಬಂದು ಕಾಯಿಸಿದ ಕಿತ್ತಳೆ ಬಣ್ಣದ ದ್ರವ ಎರಚುತ್ತವೆ, ಕಿಟಕಿಯಾಚೆ ಹಬೆ ಎದ್ದು ಏನೂ ಕಾಣದಂತಾಗುತ್ತದೆ. ರೆಕ್ಕೆಯ ಹಿಮವೆಲ್ಲ ಕರಗಿದ ಮೇಲೆ ಹಸಿರು ಬಣ್ಣದ ದಪ್ಪ ದ್ರವದ ಲೇಪ. ಅದು ಹೊಸ ಹಿಮ ಕೂರದಂತೆ ಸ್ವಲ್ಪ ಹೊತ್ತು ಕಾಯುತ್ತದೆ. ಫೋನಿನಲ್ಲೇ ಚೆಂದದ ಚಿತ್ರ ಸಿಗುತ್ತದೆ. ಆ ಅರ್ಧ ಗಂಟೆ ತಡಕ್ಕೆ ಯಾರೂ ಬೇಸರ ಪಡಬಾರದು. 1989ರ ಮಾರ್ಚ್ 10ರಂದು ಅದೇ ಒಂಟಾರಿಯೊ ಪ್ರಾಂತ್ಯದ ಡ್ರೈಡನ್ ಎಂಬ ಸಣ್ಣ ಊರಿನಿಂದ ಏರ್ ಒಂಟಾರಿಯೊದ ಫಾಕರ್ ವಿಮಾನ ರೆಕ್ಕೆಯ ಮೇಲಿನ ಹಿಮ ತೆಗೆಸದೆ ಹೊರಟಿತು. ಏರಲಾಗದೆ ಕಾಡಿಗೆ ಬಿದ್ದು, ಒಳಗಿದ್ದ 69 ಜನರಲ್ಲಿ 24 ಮಂದಿ ತೀರಿಕೊಂಡರು. ನ್ಯಾಯಮೂರ್ತಿ ವರ್ಜಿಲ್ ಮೊಶಾನ್ಸ್ಕಿ ನಡೆಸಿದ ವಿಚಾರಣೆಯ ನಂತರ ಹಿಮದ ಬಗೆಗಿನ ನಿಯಮಗಳು ಬಿಗಿಯಾದವು. ರೆಕ್ಕೆಯ ಮೇಲೆ ಉಪ್ಪಿನಕಾಗದದಷ್ಟು ಒರಟಾಗಿ ಹಿಮ ಕೂತರೂ ಅದರ ಮೇಲೆ ಗಾಳಿ ನಯವಾಗಿ ಹರಿಯುವುದಿಲ್ಲ, ಎತ್ತುವ ಬಲ ಕುಗ್ಗುತ್ತದೆ. ಆ ಕಿತ್ತಳೆ ಹಬೆಯ ಚಿತ್ರ ತೆಗೆಯುವಾಗ ಇದು ನೆನಪಿರಲಿ.

ಕಾನೂನಿನ ಮಾತು ಎರಡು. ಕೆನಡಾದಲ್ಲಿ ಸಾರ್ವಜನಿಕ ಜಾಗದಲ್ಲಿ ನಿಂತು ವಿಮಾನದ ಫೋಟೊ ತೆಗೆಯುವುದಕ್ಕೆ ಅಡ್ಡಿಯಿಲ್ಲ. ಬೇಲಿ ಹತ್ತಬೇಡಿ, ಅಂಗಡಿಯ ಪಾರ್ಕಿಂಗ್ ಬಳಸುವುದಾದರೆ ಕೇಳಿ ಬಳಸಿ, ಡ್ರೋನ್ ಹತ್ತಿರಕ್ಕೂ ಒಯ್ಯಬೇಡಿ. ಪೊಲೀಸರು ವಿಚಾರಿಸಿದರೆ ತೆಗೆದ ಫೋಟೊ ತೋರಿಸಿ, ಮಾತಾಡಿ. ನಮ್ಮ ದೇಶದಲ್ಲಿ ನಿಯಮ ಬೇರೆ. ಇಲ್ಲಿ ವಿಮಾನ ನಿಲ್ದಾಣದಲ್ಲೂ ಸೇನೆಯ ವಾಯುನೆಲೆಯ ಸುತ್ತಲೂ ಫೋಟೊಗೆ ನಿರ್ಬಂಧವಿದೆ. ಅಲ್ಲಿನ ಅಭ್ಯಾಸದಲ್ಲಿ ಇಲ್ಲಿ ಕ್ಯಾಮೆರಾ ಎತ್ತಬೇಡಿ. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ನಡೆಯುವ ಏರೋ ಇಂಡಿಯಾದಲ್ಲಿ ಟಿಕೆಟ್ ಪಡೆದು ಕಣ್ತುಂಬ, ಕಾರ್ಡ್ ತುಂಬ ತುಂಬಿಕೊಳ್ಳಬಹುದು.

ಮೇಷ್ಟ್ರೇ, ಹೊಸ ಕ್ಯಾಮೆರಾ ಕೊಳ್ಳಬೇಡಿ. ಇನ್ನೊಂದು ಬ್ಯಾಟರಿ, ಒಂದು ಜೊತೆ ಉಣ್ಣೆಯ ಕಾಲುಚೀಲ, ಜಿಪ್ ಇರುವ ದೊಡ್ಡ ಪ್ಲಾಸ್ಟಿಕ್ ಚೀಲ, ಎರಡು ಪದರದ ಕೈಗವಸು, ಇಷ್ಟನ್ನು ಕೈಚೀಲದಲ್ಲಿ ಒಯ್ಯಿರಿ. ಈ ಸಲ ಅಳಿಯಂದಿರಿಗೆ ಬ್ಯಾಗನ್ನು ಹಿಂದಿನ ಸೀಟಿನಲ್ಲಿಡದೆ ಡಿಕ್ಕಿಯಲ್ಲಿಡಲು ಹೇಳಿ. ಹೋಗಿ ಬಂದ ಮೇಲೆ ವಿಮಾನದ ಹೊಟ್ಟೆಗೆ ಹಿಮದ ಬೆಳಕು ಬಿದ್ದ ಒಂದು ಚಿತ್ರವನ್ನು ನಮಗೆ ಕಳಿಸಿ.